ಮೂವತ್ತು ಉಸಿರು

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಬಡಗಿ ಕೆಲಸದಲ್ಲಿ ನನ್ನ ಅಳತೆ ತಪ್ಪಿದೆ ಎಂದು ಜಯನಗರದ ಒಂದು ಮನೆಯವರೂ ಹೇಳಿದ್ದಿಲ್ಲ. ಇಂಚಿನ ಎಂಟನೇ ಪಾಲಿಗೆ ನಾವು ನೂಲು ಎನ್ನುತ್ತೇವೆ. ಅಷ್ಟೂ ಆಚೀಚೆ ಆಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಬಿಟ್ಟ ಮೇಲೂ ಮರದ ಧೂಳು ಮುಟ್ಟಬಾರದೆಂದು ಒಂದು ತಿಂಗಳು ಕೂರಿಸಿದರು. ಹೆಂಡತಿ ಗಾರ್ಮೆಂಟ್ಸಿಗೆ ಹೋಗತೊಡಗಿದಳು. ಸಾರಕ್ಕಿಯ ಬಾಡಿಗೆ ಮನೆಯಲ್ಲಿ ನಾನು, ಏಳು ತಿಂಗಳ ಮಗಳು.

ಮಗುವಿಗೂ ಕೆಮ್ಮು ಹತ್ತಿತು. ಡಾಕ್ಟರಮ್ಮ ಸಿರಪ್ ಬರೆದುಕೊಟ್ಟು, "ಮಲಗಿದ್ದಾಗ ಒಂದು ನಿಮಿಷ ಉಸಿರು ಎಣಿಸಿ. ಐವತ್ತು ದಾಟಿದ್ರೆ ತಕ್ಷಣ ಕರ್ಕೊಂಡ್ ಬನ್ನಿ. ಎಣಿಸೋಕೆ ಬರುತ್ತಲ್ವಾ?" ಎಂದರು.

ಕೊನೆಯ ಮಾತು ಚುಚ್ಚಿತು. "ನೂಲು ಲೆಕ್ಕದಲ್ಲಿ ಬಾಗಿಲು ಕೂರಿಸೋನು ಮೇಡಂ ನಾನು" ಎಂದೆ.

ಮಗಳು ನನ್ನ ಎದೆಯ ಮೇಲೆ ಮಾತ್ರ ನಿದ್ದೆ ಹೋಗುತ್ತಿದ್ದಳು. ಹಾಗೇ ಮಲಗಿಸಿಕೊಂಡು, ವಾಚು ಹಿಡಿದು, ಅವಳ ಬೆನ್ನು ಏರಿಳಿಯುವುದನ್ನು ಎಣಿಸಿದೆ. ಮೂವತ್ತು. ಸಂಜೆ ಮತ್ತೆ ಮೂವತ್ತು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಬರೆದೆ.

ಮರುದಿನ ಕೆಲಸದಿಂದ ಬಂದ ಹೆಂಡತಿ ಮಗುವನ್ನು ಎತ್ತಿಕೊಂಡವಳೇ, "ಯಾಕೋ ಹೊಟ್ಟೆ ಒಳಕ್ಕೆ ಎಳ್ಕೊಳ್ತಿದೆ ಕಣ್ರೀ, ತೋರಿಸ್ಕೊಂಡ್ ಬರೋಣ" ಎಂದಳು.

"ಗೋಡೆ ನೋಡು. ಮೂವತ್ತು."

"ನಂಗೆ ಗೋಡೆ ಬೇಡ, ಮಗು ನೋಡ್ತಿದೀನಿ."

"ಕಾಲರ್ ಹೊಲಿಯೋಳು ನಂಗೆ ಅಳತೆ ಹೇಳ್ಕೊಡ್ತೀಯಾ?"

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಒಲೆ ಹಚ್ಚಲು ಹೋದಳು. ನಾನು ಗೆದ್ದೆ ಅಂದುಕೊಂಡೆ.

ಬೆಳಿಗ್ಗೆ ಮಗು ಹಾಲು ಕುಡಿಯುವುದನ್ನೇ ಬಿಟ್ಟಿತು. ಓಡಿದೆವು. ಡಾಕ್ಟರಮ್ಮ ಮೇಜಿನ ಮೇಲೆ ಮಲಗಿಸಿ, ಅಂಗಿ ಸರಿಸಿ ಎಣಿಸಿದರು. ಅರವತ್ತೆಂಟು.

"ನೀವು ಹೇಗೆ ಎಣಿಸಿದ್ರಿ?"

"ಇಲ್ಲಿ ಮಲಗಿಸ್ಕೊಂಡು" ಎಂದು ನನ್ನ ಎದೆ ಮುಟ್ಟಿ ತೋರಿಸಿದೆ. ಅವರು ಅದರ ಏರಿಳಿತವನ್ನೇ ಸ್ವಲ್ಪ ಹೊತ್ತು ನೋಡಿದರು. "ನಿಮಗಿನ್ನೂ ಏದುಸಿರು ಇದೆಯಲ್ಲ. ನೀವು ಎಣಿಸಿದ್ದು ನಿಮ್ಮ ಉಸಿರು."

ಒಂಬತ್ತು ದಿನ ಆಕ್ಸಿಜನ್. ಮಗಳು ಉಳಿದಳು. ಈಗಲೂ ಬಸ್ ಸ್ಟಾಪಿನ ಧೂಳಿಗೆ ಇನ್‌ಹೇಲರ್ ತೆಗೆಯುತ್ತಾಳೆ. ಆ ಸಂಜೆಯೇ ಹೋಗಿದ್ದರೆ ಇದು ಬರುತ್ತಿತ್ತೇ ಎಂದು ಯಾವ ಡಾಕ್ಟರನ್ನೂ ನಾನು ಕೇಳಿಲ್ಲ. ಹೆಂಡತಿಯೂ ಆ ಮಾತು ಎತ್ತಿಲ್ಲ.

ಮರುವರ್ಷ ಆ ಮನೆ ಬಿಡುವಾಗ ಗೋಡೆಯ ಮೂವತ್ತನ್ನು ಮರ ನುಣುಪು ಮಾಡುವ ಉಪ್ಪುಕಾಗದದಿಂದ ಉಜ್ಜಿದವನು ನಾನೇ. ಅವಳು ಪಾತ್ರೆ ಕಟ್ಟುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಆಗಲಾದರೂ, ನೀನು ಹೇಳಿದ್ದೇ ಸರಿ ಎಂದು ನಾನು ಅನ್ನಬಹುದಿತ್ತು.

"ಧೂಳು ಬರ್ತಿದೆ, ಮಗು ಎತ್ಕೊಂಡು ಆಚೆ ಹೋಗು" ಎಂದೆ.