ಅಂಗೈ ಚಾಚಿದ ಮಾಸ್ತರು

ಮಂಗಳವಾರ ಸಂಜೆ ಅಜ್ಜ ನನ್ನೆದುರು ಎಡಗೈ ಚಾಚಿದರು. ಹಸಿವಾಗಿರಬೇಕು ಎಂದು ಬಾಳೆಹಣ್ಣು ಇಟ್ಟೆ. ಅದನ್ನು ಪಕ್ಕಕ್ಕಿಟ್ಟು ಮತ್ತೆ ಚಾಚಿದರು.

ಅಜ್ಜ ಅರಸೀಕೆರೆ ಕಡೆ ಮಾಸ್ತರಾಗಿದ್ದವರು. ಮಗ್ಗಿ ತಪ್ಪಿದರೆ ಏಟು, ಒತ್ತಕ್ಷರ ತಪ್ಪಿದರೆ ಏಟು. ದೀಪಾವಳಿ ಹೊತ್ತಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತೂ ಹೋಯಿತು. (ನಾವು ಹೇಳಿದ್ದು ತಿಳಿಯುತ್ತದೆ, ಉತ್ತರ ಬಾಯಿಗೆ ಬರುವುದಿಲ್ಲ.) "ಮಗುವಿಗೆ ಕಲಿಸಿದಂತೆ ಒಂದೊಂದೇ ಪದ ಕಲಿಸಿ. ತಡವಾದರೆ ಕಷ್ಟ" ಎಂದರು ಡಾಕ್ಟರು.

ಮಗುವಿಗೆ ಕಲಿಸುವುದೇ ನನ್ನ ಕೆಲಸ. ಕೊಟ್ಟೂರಿನ ಒಂದು ಶಾಲೆಯಲ್ಲಿ ಒಂದನೇ ತರಗತಿ ನನ್ನದು. ಡಿ.ಇಡಿ.ಯಲ್ಲಿ ಓದಿದ್ದೆ: ಒಂದು ಕಾಲಕ್ಕೆ ಮಗು ಖಾಲಿ ಪಾತ್ರೆ, ತುಂಬಬೇಕಿತ್ತು. ಆಮೇಲೆ ಬಹುಮಾನ ಕೊಟ್ಟೋ ಶಿಕ್ಷೆ ಕೊಟ್ಟೋ ತಿದ್ದಬೇಕಿತ್ತು. ಈಗ ಮಗು ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುತ್ತದೆ, ತಪ್ಪುವುದೂ ಕಲಿಕೆಯೇ. ಹೆದರಿಕೆಯಿಂದ ಕಲಿತದ್ದು ನಿಲ್ಲುವುದಿಲ್ಲ. (ಐದು ಅಂಕದ ಪ್ರಶ್ನೆ. ಬಾಯಿಪಾಠ ಮಾಡಿಯೇ ಬರೆದಿದ್ದೆ.)

ಚಿತ್ರದ ಕಾರ್ಡು ಹಿಡಿದು ದಿನಾ ಸಂಜೆ ಕೂತೆ. ನನಗೆ ಡೈರಿ ಬರೆಯುವ ಹುಚ್ಚು. ಬಂದ ಪದಕ್ಕೊಂದು ಟಿಕ್. ಅವ್ವ, ಬಾ, ಹಾಲು ಬಂದವು.

"ಊರಿಗೆಲ್ಲ ಕಲಿಸಿದ ಮಾಸ್ತರಿಗೆ ಮನ್ಯಾಗ ಟೀಚರಮ್ಮ ಹುಟ್ಯಾಳ ನೋಡ್ರಿ" ಎಂದು ಅಮ್ಮ ರೇಗಿಸಿದರೆ ಅಜ್ಜ ನಗುತ್ತಿದ್ದರು.

ಮಂಗಳವಾರದ ಪದ ನೀರು. ಲೋಟ ತೋರಿಸಿದೆ. "ನಾ... ನಾಲಿ" ಎಂದರು. "ಇರ್ಲಿ ಅಜ್ಜ, ಹತ್ರ ಬಂದ್ರಿ" ಎಂದೆ. ಆಗಲೇ ಅವರು ಕೈ ಚಾಚಿದ್ದು.

ಅಂಗಡಿ ಮುಚ್ಚಿ ಬಂದ ಅಪ್ಪ ಬಾಗಿಲಲ್ಲೇ ನಿಂತರು. ಅಪ್ಪ ಓದಿದ್ದು ಅಜ್ಜನ ತರಗತಿಯಲ್ಲಿ. ಏಳನೆಯದಕ್ಕೇ ಶಾಲೆ ಬಿಟ್ಟವರು.

"ಏಟು ಕೇಳಾಕತ್ಯಾನವ್ವ. ಕೊಡಾತನ ಕೈ ತಗಿಯಂಗಿಲ್ಲ. ನಾವೂ ಹಂಗಾ ನಿಲ್ತಿದ್ವಿ."

"ಅಜ್ಜ ಹೊಡೆಯೋರಲ್ಲೇನಪ್ಪ?"

"ಹೊಡಿಯಾದು ಎಲ್ಲಿ ಕಲ್ತ ಅಂತೀ?"

ಹೊಡೆಯುವುದು ನನ್ನ ಕೈಯಲ್ಲಿ ಆಗಲಿಲ್ಲ. ಅಪ್ಪನೇ ಬಂದು ಕೂತರು. ಎರಡು ಬೆರಳಿಂದ ಆ ಅಂಗೈಯನ್ನು ಮುಟ್ಟಿದರು. ಮುಟ್ಟಿದರು, ಅಷ್ಟೇ.

ಅಜ್ಜ ಕೈ ಹಿಂದಕ್ಕೆಳೆದು, ಪಂಚೆಗೆ ಉಜ್ಜಿಕೊಂಡು, ನೆಟ್ಟಗೆ ಕೂತು ಹೇಳಿದರು: "ನೀರು."

ಅಪ್ಪ ಲೋಟ ಕೊಟ್ಟು ಅಂಗಳಕ್ಕೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಅಜ್ಜನಿಗೆ ಹೆಂಡತಿಯ ಹೆಸರು ಬರುವುದಿಲ್ಲ. ಮಗನ ಹೆಸರೂ ಬರುವುದಿಲ್ಲ. ಅಂಗೈ ಚಾಚುವುದೊಂದು ಉಳಿದಿದೆ. ಹೆದರಿಕೆಯಿಂದ ಕಲಿತದ್ದು ನಿಲ್ಲುವುದಿಲ್ಲ ಎಂದು ಬರೆದು ನಾನು ಐದಕ್ಕೆ ಐದು ತೆಗೆದಿದ್ದೆ.

ಡೈರಿಯಲ್ಲಿ ಮಂಗಳವಾರದ ಕೆಳಗೆ ನೀರು ಎಂದು ಬರೆದಿಟ್ಟಿದ್ದೇನೆ. ಟಿಕ್ ಹಾಕಲೇ?