ಹನ್ನೊಂದು ತಿರುವು, ಒಂದು ಎಣ್ಣೆ ಬಾಟಲಿ

ನನ್ನ ಬೈಕಿಗೆ ಬೇರೆಯವರು ಸ್ಪ್ಯಾನರ್ ಹಾಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದರಲ್ಲಿ ಈ ಉರಿಯ ಪಾಲು ದೊಡ್ಡದು. ಸೂರತ್ತಿನ ಅಡಾಜಣ್‌ನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಅಪ್ಪ ಗಲ್ಲಾದಲ್ಲಿ, ಅಮ್ಮ ಅಡುಗೆಮನೆಯಲ್ಲಿ. ನಾನು ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಮಧ್ಯಾಹ್ನ ಶಾಲೆಯಿಂದ ಬಂದು, ಹಳೇ ಚೂಡಿದಾರ ಹಾಕಿಕೊಂಡು, ಹೋಟೆಲಿನ ಹಿಂಗೋಡೆಗೆ ಇಳಿಸಿದ ತಗಡಿನ ಮಾಡಿನ ಕೆಳಗೆ ಕೂತರೆ ಸಂಜೆ ದೋಸೆಯ ಗಲಾಟೆ ಶುರುವಾಗುವ ತನಕ ನಾನು ಯಾರ ಕೈಗೂ ಸಿಗುವವಳಲ್ಲ.

ಆ ಮಾಡಿನ ಕೆಳಗಿರುವುದು ಅಪ್ಪನ ಹಳೇ ಟೂ ಸ್ಟ್ರೋಕ್ ಬೈಕು, ನೂರು ಸಿಸಿಯದು. ಗೋಡೆಯ ಆಚೆ ಬದಿ ಇಡ್ಲಿ ಬೇಯುವ ಒಲೆ, ಹಾಗಾಗಿ ಈಚೆ ಬದಿ ಬೈಕು ವರ್ಷವಿಡೀ ಬೆಚ್ಚಗಿರುತ್ತದೆ. ಹಿಂದೊಮ್ಮೆ ಮಳೆಗಾಲದಲ್ಲಿ ಪಾರ್ಸೆಲ್ ಕೊಡಲು ಹೊರಟ ಅಪ್ಪ ತಾಪಿ ಸೇತುವೆಯ ಮೇಲೆ ಇದರ ಸಮೇತ ಜಾರಿ ಬಿದ್ದ. ಬೈಕಿಗೆ ಏನೂ ಆಗಲಿಲ್ಲ. ಅಪ್ಪನ ಬಲಗಾಲು ಮಾತ್ರ ಇವತ್ತಿಗೂ ಸ್ವಲ್ಪ ಎಳೆಯುತ್ತದೆ. ಅಂದಿನಿಂದ ಅಮ್ಮ ಬೈಕನ್ನು ಮುಟ್ಟಿಲ್ಲ. ಹಿತ್ತಲು ಗುಡಿಸುವಾಗಲೂ ಅದರ ಸುತ್ತಲಿನ ಜಾಗ ಬಿಟ್ಟು ಗುಡಿಸುತ್ತಾಳೆ.

ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಅದನ್ನು ಬಿಚ್ಚಿ ಜೋಡಿಸಲು ಶುರು ಮಾಡಿದ್ದು ನಾನು. ಮೊದಮೊದಲು ಬಿಚ್ಚಿದ್ದೇ ಹೆಚ್ಚು, ಜೋಡಿಸಿದ್ದು ಕಡಿಮೆ. ಆಮೇಲೆ ಕೈ ಕುದುರಿತು. ಕಾರ್ಬೊರೇಟರ್ ಬಿಚ್ಚಿ, ಅದರ ಸೂಜಿಮೊನೆಯಂಥ ತೂತುಗಳನ್ನು ಊದಿ ತೊಳೆದು, ಮತ್ತೆ ಕೂರಿಸಿ, ಒಂದೇ ಕಿಕ್ಕಿಗೆ ಎಂಜಿನ್ ಎದ್ದು ನೀಲಿ ಹೊಗೆ ಬಿಟ್ಟ ದಿನ ನಾನು ಹಿತ್ತಲಲ್ಲೇ ಕುಣಿದುಬಿಟ್ಟೆ. ಅಪ್ಪ ಗಲ್ಲಾ ಬಿಟ್ಟು ಓಡಿಬಂದಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಹೊಗೆಗೆ ಅಂದ.

ಓಡುವ ಬೈಕು ಸಿಕ್ಕ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಸೂರತ್, ವಡೋದರಾ, ಅಹಮದಾಬಾದಿನ ನಮ್ಮಂಥ ಹವ್ಯಾಸಿಗಳು ಒಂದಷ್ಟು ಜನ ವರ್ಷಕ್ಕೊಮ್ಮೆ ಡಾಂಗ್ ಕಡೆಯ ಗುಡ್ಡವೊಂದರಲ್ಲಿ ಸೇರುತ್ತೇವೆ. ಅಲ್ಲಿ ಕೆಲಸ ನಿಂತ ಕಲ್ಲುಕೋರೆಗೆ ಹೋಗುವ ಖಾಸಗಿ ರಸ್ತೆಯೊಂದಿದೆ, ಹನ್ನೊಂದು ತಿರುವು. ಅನುಮತಿ ಪಡೆದು, ಎರಡೂ ಕಡೆ ಮುಚ್ಚಿ, ಒಬ್ಬೊಬ್ಬರನ್ನೇ ಕೆಳಗಿನಿಂದ ಬಿಡುತ್ತಾರೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ. ಸ್ಪರ್ಧೆ ಗಡಿಯಾರದ ಜೊತೆ. ಒಬ್ಬರಿಗೆ ಎರಡು ಅವಕಾಶ, ಒಳ್ಳೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಹೋದ ವರ್ಷ ಎರಡೂ ಸಲ ನಾನು ಮೇಲೆ ತಲುಪಲಿಲ್ಲ. ಮೊದಲ ಸಲ ಪ್ಲಗ್ ಹೋಯಿತು. ಎರಡನೇ ಸಲ ಏಳನೇ ತಿರುವಿನಲ್ಲಿ ಜಾರಿ ಮೊಣಕೈ ಕಿತ್ತುಕೊಂಡು ಬಂದೆ. ಅಮ್ಮ ಅರಿಶಿನ ಹಚ್ಚುತ್ತಲೇ ತೀರ್ಪು ಕೊಟ್ಟಳು.

"ಇನ್ನೊಂದು ಸಲ ಬಿದ್ದುಕೊಂಡು ಬಾ, ಮರುದಿನವೇ ಇದು ಗುಜರಿಗೆ. ನಾನೇ ಕರೆದು ಕೊಡ್ತೇನೆ. ಈ ಮನೆಯಲ್ಲಿ ಒಂದು ಕಾಲು ಹೋದದ್ದು ಸಾಕು."

"ಬೀಳುದಿಲ್ಲ ಅವಳು. ನಾನು ಗ್ಯಾರಂಟಿ," ಅಂದ ಅಪ್ಪ.

"ನಿಮ್ಮ ಗ್ಯಾರಂಟಿ ಎಂತದು ಅಂತ ನಿಮ್ಮ ಕಾಲೇ ಹೇಳ್ತದೆ. ಬರುವ ವರ್ಷ ನಾನೇ ಬಂದು ನೋಡ್ತೇನೆ."

ಅಮ್ಮ ಹೇಳಿದರೆ ಮಾಡುವವಳೇ. ಆ ವರ್ಷವಿಡೀ ನಾನು ಬೈಕಿನ ಒಂದೊಂದು ನಟ್ಟನ್ನೂ ಪರೀಕ್ಷೆಗೆ ಓದುವವಳ ಹಾಗೆ ನೋಡಿಕೊಂಡೆ. ಎಂಜಿನ್ನಿನ ಬ್ಲಾಕ್ ಸವೆದಿತ್ತು. ಅದನ್ನು ಇಡ್ಲಿ ಪಾರ್ಸೆಲ್ಲಿನ ಚೀಲದಲ್ಲಿ ಹಾಕಿಕೊಂಡು ರೈಲಿನಲ್ಲಿ ಅಹಮದಾಬಾದಿಗೆ ಹೋದೆ. ಅಲ್ಲಿ ಸ್ಯಾಟಲೈಟ್ ಬಡಾವಣೆಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ನನ್ನದೇ ವಯಸ್ಸಿನ ಗುಜರಾತಿ, ಅವನದೂ ಇಂಥದೇ ಬೈಕು. ಅವನು ನನ್ನನ್ನು ಬೆನ್ ಅಂತಾನೆ, ನಾನು ಭಾಯ್ ಅಂತೇನೆ. ಅಕ್ಕ ತಮ್ಮಂದಿರ ಹಾಗೇ ಜಗಳವನ್ನೂ ಆಡುತ್ತೇವೆ. ಅವನೇ ವಟ್ವಾದ ಲೇತ್ ಅಂಗಡಿಯೊಂದಕ್ಕೆ ಕರೆದೊಯ್ದು ಬ್ಲಾಕಿನ ಸವೆದ ಒಳಗೋಡೆ ಕೊರೆಸಿ ಬೋರ್ ಮಾಡಿಸಿಕೊಟ್ಟ. ನನ್ನ ಆಕ್ಸಿಲರೇಟರ್ ಕೇಬಲ್ಲಿನ ಎಳೆ ಹರಿಯುತ್ತಿದೆ ಅಂದಾಗ ತನ್ನ ಬಳಿ ಜೋಪಾನವಾಗಿಟ್ಟಿದ್ದ ಒಂದೇ ಒಂದು ಹೊಸ ಕೇಬಲ್ಲನ್ನೂ ಕೊಟ್ಟ. ಈ ಬೈಕಿಗೆ ಈಗ ಕೇಬಲ್ ಸಿಗುವುದೇ ಅಪರೂಪ.

ಹೊಸ ಕೇಬಲ್ಲಾದರೂ ಹಾಕುವ ಮುಂಚೆ ಒಳಗೆ ಎಣ್ಣೆ ಇಳಿಸುವುದು ನನ್ನ ಕ್ರಮ. ಮೇಲ್ತುದಿಗೆ ಪ್ಲಾಸ್ಟಿಕ್ ಕವರಿನ ಚೂರನ್ನು ಆಲಿಕೆಯ ಹಾಗೆ ಸುತ್ತಿ, ದಾರದಲ್ಲಿ ಬಿಗಿದು, ಅದಕ್ಕೆ ಎಣ್ಣೆ ಹೊಯ್ದು ಮೊಳೆಗೆ ತೂಗುಹಾಕಬೇಕು. ತಂತಿಯ ಗುಂಟ ಎಣ್ಣೆ ಮೆಲ್ಲಗೆ ಇಳಿದು ಕೆಳತುದಿಯಲ್ಲಿ ತೊಟ್ಟಿಕ್ಕಿದರೆ ಕೆಲಸ ಆಯಿತು. ಆ ಭಾನುವಾರ ಮೆಷಿನ್ ಎಣ್ಣೆಯ ಡಬ್ಬಿ ಖಾಲಿ. ಅಡುಗೆಮನೆಗೆ ಹೋಗಿ, ಒಲೆಯ ಪಕ್ಕದ ಹಲಗೆಯಲ್ಲಿದ್ದ ತೆಂಗಿನೆಣ್ಣೆ ತಂದು ಹೊಯ್ದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪನಿಗೆ ಖುಷಿಯೋ ಖುಷಿ. "ಹಾಕು, ಹಾಕು. ಊರಲ್ಲಿ ನಮ್ಮ ಸೈಕಲ್ಲಿಗೆ ಇದೇ ಅಲ್ವಾ ಹಾಕ್ತಾ ಇದ್ದದ್ದು! ಬೆಣ್ಣೆ ಹಾಗೆ ಓಡ್ತಿತ್ತು."

ನಿಜಕ್ಕೂ ಬೆಣ್ಣೆಯ ಹಾಗೇ ಓಡಿತು. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಟಪ್ ಎಂದು ಹಿಂದಕ್ಕೆ ಬರುತ್ತಿತ್ತು. ಡಿಸೆಂಬರಿನಲ್ಲಿ ಹೋಟೆಲಿಗೆ ಎರಡು ದಿನ ಬೀಗ ಹಾಕಿ, ಬೈಕನ್ನು ಟೆಂಪೋಗೆ ಏರಿಸಿ, ಮೂವರೂ ಗುಡ್ಡಕ್ಕೆ ಹೊರಟೆವು. ಸಂಜೆಯ ಬಿಸಿಲಿನಲ್ಲಿ ವಡೋದರಾದ ಹಿರಿಯರೊಬ್ಬರು ಎಲ್ಲರ ಬೈಕು ತಪಾಸಣೆ ಮಾಡಿದರು. ನನ್ನ ಆಕ್ಸಿಲರೇಟರ್ ತಿರುಗಿಸಿ ಬಿಟ್ಟು, ಆ ಟಪ್ ಕೇಳಿ, ತಲೆಯಾಡಿಸಿದರು. ನಾನು ಅಮ್ಮನ ಕಡೆ ನೋಡಿ ಹುಬ್ಬು ಹಾರಿಸಿದೆ.

ರಾತ್ರಿ ಬೈಕುಗಳೆಲ್ಲ ಬಯಲಿನಲ್ಲೇ ಇದ್ದವು. ಬೆಳಿಗ್ಗೆ ಎದ್ದರೆ ಸೀಟಿನ ಮೇಲೆ ಇಬ್ಬನಿ ನೀರಾಗಿ ನಿಂತಿತ್ತು. ಬಾಯಿ ತೆರೆದರೆ ಹೊಗೆ. ಸೂರತ್ತಿನವರಿಗೆ ಅದು ಚಳಿಯಲ್ಲ, ಶಿಕ್ಷೆ. ಆದರೆ ನನಗೆ ಚಳಿಯ ಪರಿವೆಯೇ ಇರಲಿಲ್ಲ. ನನ್ನ ಸರದಿ ಯಾವಾಗ ಎಂದು ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೈಕು ಸ್ಟಾರ್ಟ್ ಮಾಡಿದಾಗ ಆಕ್ಸಿಲರೇಟರ್ ಯಾಕೋ ಸ್ವಲ್ಪ ಭಾರ ಅನ್ನಿಸಿತು. ಗ್ಲೌಸಿನೊಳಗೆ ಬೆರಳು ಮರಗಟ್ಟಿದೆ ಅಂದುಕೊಂಡೆ.

ಬಾವುಟ ಇಳಿಯಿತು. ಆ ಕ್ಷಣವನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಆ ಚಿಕ್ಕ ಎಂಜಿನ್ ಕಿರುಚಿಕೊಂಡು ಏರಿತು, ಮುಂದಿನ ಚಕ್ರ ಹಗುರಾಯಿತು. ಒಂದನೇ ತಿರುವು, ಎರಡು, ಮೂರು! ವಟ್ವಾದ ಬೋರಿಗೆ ಮನಸ್ಸಿನಲ್ಲೇ ಕೈಮುಗಿದೆ. ನಾಲ್ಕನೆಯದು ಬಲಕ್ಕೆ ಗಕ್ಕನೆ ಹೊರಳುವ ತಿರುವು, ಎದುರಿಗೆ ಕಲ್ಲಿನ ತಡೆಗೋಡೆ. ಅಲ್ಲಿಗೆ ಬಂದು ಆಕ್ಸಿಲರೇಟರ್ ಬಿಟ್ಟೆ. ಎಂಜಿನ್ ಬಿಡಲಿಲ್ಲ. ನನ್ನ ಕೈ ಹಿಂದೆ ಬಂದಿದೆ, ಬೈಕು ಮುಂದೆ ಹೋಗುತ್ತಲೇ ಇದೆ! ಕ್ಲಚ್ ಹಿಡಿದೆ, ಎಂಜಿನ್ ಇನ್ನೂ ಜೋರಾಗಿ ಅರಚಿತು. ಹೆಬ್ಬೆರಳು ಹೇಗೋ ಸ್ವಿಚ್ಚಿಗೆ ಸಿಕ್ಕಿ ಎಂಜಿನ್ ಆಫ್ ಆಯಿತು. ಎರಡೂ ಬ್ರೇಕ್ ಒತ್ತಿ ಜಲ್ಲಿಯಲ್ಲಿ ಜಾರುತ್ತಾ ಹೋಗಿ ನಿಂತಾಗ ಗೋಡೆಗೂ ಮುಂದಿನ ಚಕ್ರಕ್ಕೂ ನಡುವೆ ಒಂದು ಗೇಣು ಇತ್ತು.

ಬೀಳಲಿಲ್ಲ. ಆದರೆ ತಿರುವಿನಿಂದ ಬೈಕನ್ನು ಕೆಳಗೆ ತರುವಷ್ಟರಲ್ಲಿ ಸುದ್ದಿ ಅಮ್ಮನಿಗೆ ಮುಟ್ಟಿತ್ತು. ಅವಳು ಅಪ್ಪನ ಕಾಲಿನ ಕಡೆ ನೋಡಿ, ಬ್ಯಾಗು ಇಟ್ಟಿದ್ದ ಮರದ ಕೆಳಗೆ ಹೋಗಿ ಕೂತಳು. ತಪಾಸಣೆಯ ಹಿರಿಯರು ಬಂದು ಆಕ್ಸಿಲರೇಟರ್ ತಿರುಗಿಸಿ ಬಿಟ್ಟರು. ಅದು ತಿರುಗಿಸಿದಲ್ಲೇ ನಿಂತಿತು.

"ಸರಿ ಮಾಡಿ ನನಗೆ ತೋರಿಸಿದರೆ ಎರಡನೇ ಸುತ್ತು. ಇಲ್ಲವಾದರೆ ಇಲ್ಲ. ಒಂದು ಗಂಟೆ ಇದೆ," ಎಂದು ಹಿಂದಿಯಲ್ಲಿ ಹೇಳಿ ಹೋದರು.

ನನಗೆ ನಖಶಿಖಾಂತ ಸಿಟ್ಟು ಬಂತು. ಎದುರಿಗೆ ಸಿಕ್ಕವನು ಅಹಮದಾಬಾದಿನ ಗೆಳೆಯ. "ನಿನ್ನ ಕೇಬಲ್ಲು! ನಾನು ಬೈಕಿನಲ್ಲಿ ಒಂದೊಂದನ್ನೂ ನನ್ನ ಕೈಯಾರೆ ಬಿಚ್ಚಿ ನೋಡಿದ್ದೇನೆ. ನೋಡದೆ ನಂಬಿದ್ದು ನೀನು ಕೊಟ್ಟ ಇದೊಂದನ್ನೇ. ಇನ್ನೊಂದು ಗೇಣು ಹೋಗಿದ್ದರೆ ನಾನು ಗೋಡೆಗೆ ಅಂಟಿಕೊಂಡಿರುತ್ತಿದ್ದೆ," ಎಂದು ಹತ್ತು ಜನರ ಎದುರು ಕೂಗಾಡಿದೆ. ಅವನ ಮುಖ ಸಣ್ಣದಾಯಿತು. ತನ್ನ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ತೆಗೆದ.

"ಏನು ಮಾಡುತ್ತಿದ್ದೀಯ?" ಅಂದೆ.

"ನನ್ನದು ಬಿಚ್ಚುತ್ತಿದ್ದೇನೆ ಬೆನ್. ಇದನ್ನು ಹಾಕಿಕೊ. ನಾನು ಮುಂದಿನ ವರ್ಷ ಏರುತ್ತೇನೆ."

ಅಷ್ಟರಲ್ಲಿ ಅಮ್ಮ ನಮ್ಮ ಕಡೆಗೇ ಬಂದಳು. ಸಿಟ್ಟು ಬಂದಾಗ ನನ್ನ ತಲೆಗೆ ಎಣ್ಣೆ ಹಾಕಿ ಜಡೆ ಬಿಗಿಯಾಗಿ ಎಳೆದು ಹೆಣೆಯುವುದು ಅವಳ ಹಳೇ ಅಭ್ಯಾಸ. ಕೈಯಲ್ಲಿ ಮನೆಯಿಂದ ತಂದ ಬಾಟಲಿ ಇತ್ತು, ಅದನ್ನು ಬುಡಮೇಲು ಮಾಡಿ ಅಲ್ಲಾಡಿಸುತ್ತಿದ್ದಳು.

"ಎಂತ ಚಳಿ ಮಾರಾಯ್ತಿ ಇಲ್ಲಿ! ನೋಡು, ಎಣ್ಣೆ ಕಲ್ಲು. ಒಂದು ತೊಟ್ಟು ಬೀಳುದಿಲ್ಲ."

ಬಾಟಲಿಯೊಳಗೆ ತೆಂಗಿನೆಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ನಾನು ಬಾಟಲಿ ನೋಡಿದೆ, ಕೇಬಲ್ ನೋಡಿದೆ, ಅಪ್ಪನನ್ನು ನೋಡಿದೆ. ಅಪ್ಪ ಮೆಲ್ಲಗೆ ಆಕಾಶ ನೋಡಲು ಶುರು ಮಾಡಿದ. ಊರಿನ ಸೆಕೆಯಲ್ಲಿ ಗಟ್ಟಿಯಾಗದ ಎಣ್ಣೆ, ಇಡ್ಲಿ ಒಲೆಯ ಬೆನ್ನಿಗೆ ಗಟ್ಟಿಯಾಗದ ಎಣ್ಣೆ, ಈ ಗುಡ್ಡದ ಚಳಿಗೆ ಕೇಬಲ್ಲಿನೊಳಗೆ ಮೇಣವಾಗಿ ತಂತಿಯನ್ನು ಕಚ್ಚಿ ಹಿಡಿದಿತ್ತು. ಪ್ರತಿ ವರ್ಷ ಮಕ್ಕಳಿಗೆ ಕರಗುವ ಬಿಂದುವಿನ ಪಾಠ ಮಾಡುವವಳು ನಾನು. ಉದಾಹರಣೆಗೆ ತೆಂಗಿನೆಣ್ಣೆಯನ್ನೇ ಕೊಡುತ್ತೇನೆ. ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು.

ಗೆಳೆಯನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡೆ. "ಬಿಚ್ಚಬೇಡ. ತಪ್ಪು ನಿನ್ನ ಕೇಬಲ್ಲಿನದಲ್ಲ, ನನ್ನದು. ಹತ್ತು ಜನರ ಎದುರು ಬೈದೆ, ಹತ್ತು ಜನರ ಎದುರೇ ಹೇಳುತ್ತೇನೆ, ಕ್ಷಮಿಸು ಭಾಯ್," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಏನು ಹಾಕಿದ್ದೆ ಎಂದು ಕೇಳಿ ತಿಳಿದ ಮೇಲೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಸಿಂಗತೇಲ್ ಹಾಕಬಾರದಿತ್ತೆ? ಕಡಲೆಕಾಯಿ ಎಣ್ಣೆ ಈ ಚಳಿಗೆಲ್ಲ ಜಗ್ಗುವುದಿಲ್ಲ!"

ಕೇಬಲ್ ಬಿಚ್ಚಿದೆ. ಈಗ ಅದನ್ನು ಕರಗಿಸಬೇಕು, ತೊಳೆಯಬೇಕು, ಹೊಸ ಎಣ್ಣೆ ಇಳಿಸಬೇಕು. ಬಿಸಿಗೆ ಏನು ಮಾಡಲಿ ಎಂದು ಸುತ್ತ ಹುಡುಕಿದೆ. ಅಮ್ಮ ನೋಡುತ್ತಾ ನಿಂತಿದ್ದಳು. ಅವಳು ಸುಮ್ಮನಿದ್ದರೆ ಸಾಕಿತ್ತು, ಗಂಟೆ ಮುಗಿಯುತ್ತಿತ್ತು, ಬೈಕು ಆ ದಿನ ಏರುತ್ತಲೇ ಇರಲಿಲ್ಲ.

"ಕೊಡು ಇಲ್ಲಿ. ಬೈಕು ನಾನು ಮುಟ್ಟುದಿಲ್ಲ. ಇದು ಬೈಕಲ್ಲ, ಹಗ್ಗ," ಅಂದಳು.

ಉಪ್ಪಿಟ್ಟಿನ ಡಬ್ಬಿ ಖಾಲಿ ಮಾಡಿ, ಕೇಬಲ್ಲನ್ನು ಅದರಲ್ಲಿ ಚಕ್ಕುಲಿಯ ಹಾಗೆ ಸುತ್ತಿ, ಕಾಫಿಗೆಂದು ತಂದ ಫ್ಲಾಸ್ಕಿನ ಬಿಸಿನೀರನ್ನೆಲ್ಲ ಮೇಲೆ ಹೊಯ್ದಳು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಎಣ್ಣೆಯ ಕಣ್ಣುಗಳು ತೇಲಿದವು. ನಾನು ಪೆಟ್ರೋಲ್ ಇಳಿಸಿ ತೊಳೆದು, ನೀರೆಲ್ಲ ಹೋಗುವ ತನಕ ಗೆಳೆಯನ ಗಾಳಿ ಪಂಪಿನಿಂದ ಊದಿದೆ. ಆಮೇಲೆ ಆಲಿಕೆ ಕಟ್ಟಬೇಕಲ್ಲ, ಪೆಟ್ರೋಲ್ ಮೆತ್ತಿದ ನನ್ನ ಕೈಯಲ್ಲಿ ಪ್ಲಾಸ್ಟಿಕ್ ಎರಡು ಸಲ ಜಾರಿತು. ಅಮ್ಮ ಅದನ್ನು ಕಿತ್ತುಕೊಂಡಳು. ಚಟ್ನಿ ಪಾರ್ಸೆಲ್ ಕಟ್ಟುವ ಹಾಗೆ ಒಂದು ಸುತ್ತು, ಎರಡು ಸುತ್ತು, ದಾರ ಹಲ್ಲಲ್ಲಿ ಕಚ್ಚಿ ಟಕ್ಕನೆ ತುಂಡರಿಸಿದಳು. ಇಪ್ಪತ್ತು ವರ್ಷ ದಿನಕ್ಕೆ ನೂರು ಚಟ್ನಿ ಕಟ್ಟಿದ ಕೈ ಅದು. ಟೂ ಸ್ಟ್ರೋಕ್ ಎಂಜಿನ್ ಎಣ್ಣೆಯನ್ನು ಬೈತಲೆಗೆ ಬಿಡುವ ಹಾಗೆ ತೊಟ್ಟು ತೊಟ್ಟಾಗಿ ಬಿಟ್ಟಳು. ಅಪ್ಪ ಕೆಳತುದಿಯಲ್ಲಿ ಅಂಗೈ ಹಿಡಿದು ಕೂತಿದ್ದ. "ಬಂತು, ಬಂತು!" ಎಂದು ಕೂಗಿದಾಗ ಗಂಟೆಗೆ ಹತ್ತು ನಿಮಿಷ ಬಾಕಿ.

ಕೇಬಲ್ ಜೋಡಿಸಿ ಹಿರಿಯರಿಗೆ ತೋರಿಸಿದೆ. ಟಪ್. ಇನ್ನೊಮ್ಮೆ ತಿರುಗಿಸಿ ಬಿಟ್ಟರು. ಟಪ್. ಕೊನೆಯವಳಾಗಿ ನನ್ನನ್ನು ಸಾಲಿಗೆ ಬಿಟ್ಟರು.

ಎರಡನೇ ಸಲ ನಾಲ್ಕನೇ ತಿರುವು ಹತ್ತಿರ ಬಂದಾಗ, ಸುಳ್ಳೇಕೆ, ಹೆದರಿದೆ. ಆಕ್ಸಿಲರೇಟರ್ ಬಿಟ್ಟೆ. ಎಂಜಿನ್ ಹೇಳಿದ ಮಾತು ಕೇಳಿ ತಗ್ಗಿತು! ಹೆಲ್ಮೆಟ್ಟಿನೊಳಗೇ "ಅಮ್ಮಾ!" ಎಂದು ಕಿರುಚಿ ಬೈಕನ್ನು ಬಲಕ್ಕೆ ಒರಗಿಸಿದೆ. ಐದು, ಆರು. ಹೋದ ವರ್ಷ ಬಿದ್ದ ಏಳನೆಯದರಲ್ಲಿ ಜಲ್ಲಿ ತಪ್ಪಿಸಿ ಒಳಗಿನಿಂದ ಹೋದೆ. ಅಲ್ಲಿಂದ ಮುಂದಿನ ರಸ್ತೆ ನನಗೆ ಹೊಸದು, ಬೈಕಿನ ಮೇಲೆ ಕೂತು ಯಾವತ್ತೂ ನೋಡಿದ್ದೇ ಇಲ್ಲ. ಎಂಟು, ಒಂಬತ್ತು, ಹತ್ತು, ಹನ್ನೊಂದು! ಗುಡ್ಡದ ನೆತ್ತಿಯಲ್ಲಿ ಬಿಸಿಲು ಹರಡಿತ್ತು. ಬಾವುಟ ದಾಟಿ ಬೈಕು ನಿಲ್ಲಿಸಿ, ಟ್ಯಾಂಕಿಗೆ ತಲೆ ಇಟ್ಟು ನಗುತ್ತಾ ಅತ್ತೆ.

ಒಂಬತ್ತು ಜನರಲ್ಲಿ ನಾನು ಆರನೆಯವಳು. ಗೆಳೆಯ ಮೂರನೆಯವನು, ಸ್ವಂತ ಕೇಬಲ್ಲಿನಲ್ಲೇ. ಕೆಳಗೆ ಬಂದಾಗ ಅಪ್ಪ ಕಾಲೆಳೆಯುತ್ತಾ ಓಡಿಬಂದು ನನ್ನ ಬೆನ್ನಿಗೆ ಗುದ್ದಿದ. ಅಮ್ಮ ಓಡಲಿಲ್ಲ. ನಿಧಾನವಾಗಿ ಬಂದು, ನನ್ನ ಮೊಣಕೈ ಎರಡನ್ನೂ ತಿರುಗಿಸಿ ನೋಡಿದಳು, ಮಂಡಿ ನೋಡಿದಳು. ಎಷ್ಟು ಹೊತ್ತಿನಲ್ಲಿ ಏರಿದೆ, ಎಷ್ಟನೆಯವಳು ಎಂದು ಕೇಳಲೇ ಇಲ್ಲ.

ಆಮೇಲೆ ಬೈಕಿನ ಬಲಗಡೆಗೆ ಹೋಗಿ ನಿಂತಳು. ಸೆರಗಿಗೆ ಕೈ ಒರೆಸಿಕೊಂಡು, ಆಕ್ಸಿಲರೇಟರ್ ಹಿಡಿದು ತಿರುಗಿಸಿ ಬಿಟ್ಟಳು. ಟಪ್ ಎಂದಿತು. ಅಮ್ಮ ಇನ್ನೊಮ್ಮೆ ತಿರುಗಿಸಿ, ಬಿಟ್ಟು, ಕಿವಿಗೊಟ್ಟು ಕೇಳಿದಳು.

"ಹೂಂ, ಬರ್ತದೆ," ಅಂದಳು. "ಇನ್ನು ಮುಂದೆ ಈ ಹಗ್ಗಕ್ಕೆ ಎಣ್ಣೆ ನಾನೇ ಬಿಡ್ತೇನೆ. ನೀವಿಬ್ಬರು ಮುಟ್ಟುದು ಬೇಡ."