ಸೊಟ್ಟ ಕೊಕ್ಕಿನ ಪಾಲು

ಅಕ್ಕ ಹೊಸಬಾಳೆಯಲ್ಲಿ ಹುಟ್ಟಿ ಹೊಸಬಾಳೆಗೇ ಸೊಸೆಯಾದವಳು. ಕೋಳಿ ಸಾಕುವುದರಲ್ಲಿ ತನ್ನನ್ನು ಮೀರಿಸುವವರು ಸೊರಬ ತಾಲೂಕಿನಲ್ಲೇ ಇಲ್ಲ ಎಂದು ಅವಳೇ ಹೇಳಿಕೊಳ್ಳುತ್ತಾಳೆ. ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದೆ. ನಮ್ಮ ಮನೆಯ ಹಿಂದೆ ಒಂದಿಷ್ಟು ಹಿತ್ತಲಿದೆ. ಖಾಲಿ ಹಿತ್ತಲು ಕಂಡರೆ ಅಕ್ಕನ ಕೈ ಸುಮ್ಮನಿರುವುದಿಲ್ಲ. ಒಂದು ಬೇಸಿಗೆಯಲ್ಲಿ ತನ್ನ ಕೆಂಪು ಹೇಂಟೆಯನ್ನು ಚೀಲದಲ್ಲಿ, ಮೊಟ್ಟೆಗಳನ್ನು ಅಕ್ಕಿಯ ಡಬ್ಬದಲ್ಲಿ ಹೊತ್ತು ತಂದು, "ಪಾಲಿಗೆ ಸಾಕು" ಎಂದು ಬಿಟ್ಟುಹೋದಳು.

ಪಾಲಿಗೆ ಸಾಕುವುದೆಂದರೆ ಕೋಳಿ ಒಬ್ಬರದು, ಕಾವಿಗೆ ಕೂರಿಸಿ ಮರಿ ದೊಡ್ಡದು ಮಾಡುವ ಪಾಡು ಇನ್ನೊಬ್ಬರದು. ಮರಿಗಳು ತಾಯಿಯನ್ನು ಬಿಟ್ಟು ತಿರುಗುವ ಹೊತ್ತಿಗೆ ಅರ್ಧ ಅರ್ಧ ಹಂಚಿಕೊಳ್ಳುತ್ತಾರೆ. ತಾಯಿ ಮಾತ್ರ ಕೊಟ್ಟವರಿಗೇ ವಾಪಸ್ಸು. ಇದೆಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ, ಯಾರೂ ತಪ್ಪುವುದಿಲ್ಲ.

ಎಂಟು ಮರಿಗಳಾದವು. ಅವುಗಳಲ್ಲಿ ಒಂದರ ಕೊಕ್ಕು ದಿನ ಕಳೆದಂತೆ ತಿರುಚಿಕೊಳ್ಳತೊಡಗಿತು. ಮೇಲಿನದು ಎಡಕ್ಕೆ, ಕೆಳಗಿನದು ಬಲಕ್ಕೆ, ಅರ್ಧ ತೆರೆದ ಕತ್ತರಿಯ ಹಾಗೆ. ನುಚ್ಚು ಚೆಲ್ಲಿದರೆ ಉಳಿದವು ಟಕಟಕ ಹೆಕ್ಕಿ ಮುಗಿಸುತ್ತಿದ್ದವು. ಇದು ಕುಕ್ಕುತ್ತಿತ್ತು, ಕಾಳು ಜಾರುತ್ತಿತ್ತು, ಮತ್ತೆ ಕುಕ್ಕುತ್ತಿತ್ತು. ಉಳಿದವು ಬೆಳೆದು ರೆಕ್ಕೆ ಬಡಿಯುವಾಗ ಇದು ಇನ್ನೂ ಮುಷ್ಟಿಯಷ್ಟೇ ಇತ್ತು.

ಪಾಲು ಮಾಡಲು ಅಕ್ಕ ಬುಟ್ಟಿ ಹಿಡಿದು ಬಂದಳು. ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮರಿಯನ್ನು ಎತ್ತಿ ನೋಡಿದಳು. ಸೊಟ್ಟ ಕೊಕ್ಕಿನದನ್ನು ಎತ್ತಿದಷ್ಟೇ ಬೇಗ ಕೆಳಗಿಟ್ಟಳು.

"ಏಳು ಐತೆ. ನಾಲ್ಕು ನೀನೇ ಇಟ್ಕ, ನಂಗೆ ಮೂರು ಸಾಕು. ಇದು ಲೆಕ್ಕಕ್ಕಿಲ್ಲ."

ಅವಳು ಹೇಳಿದ್ದು ಧಾರಾಳದ ಮಾತೇ. ಆದರೆ ನನಗೆ ಮೈಯೆಲ್ಲ ಉರಿಯಿತು. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡುವಾಗ ಇವಳು ನನ್ನನ್ನು ಹೀಗೇ ಮಾಡುತ್ತಿದ್ದಳು. ಅಮ್ಮ ಬೈಯುತ್ತಾಳೆಂದು ಸೇರಿಸಿಕೊಳ್ಳುತ್ತಿದ್ದಳು, ನಾನು ಗೆದ್ದರೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. "ಎಂಟು ಐತೆ, ಸರಿಯಾಗಿ ಎಣಿಸು" ಎಂದೆ. "ನಾಲ್ಕು ನಿಂಗೆ, ನಾಲ್ಕು ನಂಗೆ. ಇದು ನನ್ನ ಪಾಲು." ಅಕ್ಕ ನನ್ನ ಮುಖ ನೋಡಿ, ನಾಲ್ಕು ಒಳ್ಳೆಯ ಮರಿಗಳನ್ನೂ ತಾಯಿಯನ್ನೂ ಬುಟ್ಟಿಗೆ ಹಾಕಿಕೊಂಡು ಹೊರಟಳು.

"ಹಟಕ್ಕೆ ಬಿದ್ದು ಒಂದು ಮರಿ ಕಳಕೊಂಡಿ ನೋಡು" ಎಂದು ನಮ್ಮನೆಯವರು ನಕ್ಕರು. ಸರಿ, ಇದು ಸತ್ತರೆ ಅಕ್ಕ ಹೇಳಿದ್ದೇ ನಿಜವಾಗುತ್ತದೆ. ಇದನ್ನು ಬದುಕಿಸಲೇಬೇಕು ಎಂದು ಹಲ್ಲು ಕಚ್ಚಿದೆ.

ತಟ್ಟೆಯಲ್ಲಿಟ್ಟೆ, ಬಸಿಯಲ್ಲಿಟ್ಟೆ, ಆಗಲಿಲ್ಲ. ಬೆರಳಿನಿಂದ ತುರುಕಿದರೆ ಅರ್ಧ ನನ್ನ ಸೀರೆಗೆ. ಒಂದು ದಿನ ಅಕ್ಕಿ ಅಳೆಯುವ ಪಾವಿನಲ್ಲಿ ನುಚ್ಚು ನೆನೆಹಾಕಿ ಒಗೆಯುವ ಕಲ್ಲಿನ ಪಕ್ಕ ಮರೆತುಬಂದಿದ್ದೆ. ಹೋಗಿ ನೋಡಿದರೆ ಮಹಾರಾಯ್ತಿ ಕಣ್ಣಿನವರೆಗೆ ಮುಖ ಹುದುಗಿಸಿ, ಕೆಳಗಿನ ಕೊಕ್ಕನ್ನು ಸೌಟಿನಂತೆ ಆಡಿಸಿ ತಿನ್ನುತ್ತಿದ್ದಾಳೆ! ಹೆಕ್ಕಲು ಬಾರದು, ಮೊಗೆಯಲು ಬರುತ್ತದೆ. ಆಳವಿರಬೇಕು, ಮೆತ್ತಗಿರಬೇಕು, ಅಷ್ಟೇ. ಅಂದಿನಿಂದ ಪಾವು ಅದರದಾಯಿತು.

"ಇನ್ನ ಅಕ್ಕಿ ಅಳೆಯೋದು ಯಾವುದ್ರಾಗ?" ಎಂದರು ನಮ್ಮನೆಯವರು.

"ಲೋಟದಾಗ" ಎಂದೆ.

ಬೆಳೆದಂತೆ ಪಾವನ್ನು ಇಟ್ಟಿಗೆಯ ಮೇಲಿಟ್ಟೆ. ಬೇರೆ ಕೋಳಿಗಳು ಮೂತಿ ಹಾಕದಂತೆ ಕೋಲು ಹಿಡಿದು ಕಾದೆ. ಕೊಕ್ಕಿನಿಂದ ಪುಕ್ಕ ಕೆದರಿಕೊಳ್ಳಲು ಬಾರದ ಕಾರಣ ಹೇನು ಮುತ್ತುತ್ತಿತ್ತು, ಅದಕ್ಕೆ ಹೊರಳಾಡಲು ಒಲೆಯ ಬೂದಿ ಸುರಿದೆ. ದನದ ಆಸ್ಪತ್ರೆಯ ಡಾಕ್ಟರು ಕೊಕ್ಕು ನೆಟ್ಟಗಾಗುವುದಿಲ್ಲವೆಂದರು. ಸವೆಯದೆ ಉದ್ದ ಬೆಳೆಯುವ ತುದಿಯನ್ನು ಆಗಾಗ ಉಜ್ಜಿ ತೆಗೆಯಲು ಹೇಳಿಕೊಟ್ಟರು. ನೇಲ್ ಕಟರಿನ ಅರದಿಂದ ಉಜ್ಜುತ್ತಿದ್ದೆ. ಒಮ್ಮೆ ಆತುರಪಟ್ಟು ಜಾಸ್ತಿ ಉಜ್ಜಿ ರಕ್ತ ಬಂದುಬಿಟ್ಟಿತು. ಅರಿಶಿನ ಒತ್ತಿದೆ. ಅದು ಪಾವಿನ ಕಡೆ ತಿರುಗಿಯೂ ನೋಡದೆ ಮೂಲೆ ಸೇರಿತು.

ಅಕ್ಕನಿಗೆ ಫೋನ್ ಮಾಡಿದೆ. "ಹೋದ್ರೆ ಹೋಗ್ಲಿ ಬಿಡೇ, ಅವತ್ತು ಏಳಕ್ಕೇ ಪಾಲು ಹಾಕಿದ್ರೆ ಈ ಗೋಳೇ ಇರ್ತಿರ್ಲಿಲ್ಲ" ಎಂದಳು. ಫೋನ್ ಇಟ್ಟು, ಮರಿಯನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಅತ್ತೆ. ಒಂದು ಕೋಳಿಗಾಗಿ ಅಷ್ಟು ಅತ್ತೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ತಿಳಿಗಂಜಿಯನ್ನು ಬೆರಳ ತುದಿಯಿಂದ ಹನಿಹನಿಯಾಗಿ ಕೊಕ್ಕಿನ ಪಕ್ಕಕ್ಕೆ ಬಿಡುತ್ತಾ ಕೂತೆ. ಮಾರನೆಯ ಮಧ್ಯಾಹ್ನ ತಾನಾಗಿಯೇ ಎದ್ದು ಹೋಗಿ ಪಾವಿಗೆ ಮುಖ ಹಾಕಿತು.

ಆಮೇಲೆ ಅದು ಹಿಂತಿರುಗಿ ನೋಡಲಿಲ್ಲ. ಮೈತುಂಬಿಕೊಂಡಿತು, ಮೊಟ್ಟೆ ಇಟ್ಟಿತು, ಕಾವಿಗೂ ಕೂತಿತು. "ತಾಯಿ ಸೊಟ್ಟ ಕುಕ್ಕಿದ್ರ ಮಕ್ಕಳೂ ಸೊಟ್ಟನ ಕಲೀತಾವ್ರೀ" ಎಂದು ಪಕ್ಕದ ಮನೆಯವರು ಹೆದರಿಸಿದರು. ನನಗೂ ಒಳಗೊಳಗೇ ಅಳುಕಿತ್ತು. ಮರಿಗಳು ಹೊರಬಂದವು, ಎಲ್ಲದರ ಕೊಕ್ಕೂ ನೆಟ್ಟಗೆ. ತಾಯಿ ನೆಲಕ್ಕೆ ಓರೆಯಾಗಿ ಕೊಕ್ಕು ತಾಗಿಸಿ ಕೊಕ್‌ ಕೊಕ್‌ ಎಂದು ಕರೆಯಿತು. ತಾನು ಹೆಕ್ಕಲಾರದ ಕಾಳನ್ನು ಮಕ್ಕಳಿಗೆ ತೋರಿಸಿತು. ಅವು ಓಡಿ ಬಂದು ಟಕಟಕ ಹೆಕ್ಕಿದವು. ನಾನು ಕುಣಿದದ್ದೊಂದೇ ಬಾಕಿ. ಬೀದಿಯವರನ್ನೆಲ್ಲ ಹಿತ್ತಲಿಗೆ ಕರೆದು ತೋರಿಸಿದೆ. ಹಬ್ಬಕ್ಕೆ ಬಂದ ಅಕ್ಕ ಮಾತ್ರ ಇಟ್ಟಿಗೆಯ ಮೇಲಿನ ಪಾವನ್ನು ನೋಡುತ್ತಾ ನಿಂತಿದ್ದಳು.

ಆ ಮರಿಗಳೂ ಬೆಳೆದು ತಾಯಿಯನ್ನು ಬಿಟ್ಟ ಮೇಲೆ ಅಕ್ಕನ ಫೋನ್ ಬಂತು. ಅವಳ ಹೇಂಟೆಗಳು ಕಾವಿಗೆ ಕೂತು ಅರ್ಧಕ್ಕೇ ಎದ್ದು ಹೋಗುತ್ತಿದ್ದವಂತೆ, ಮೊಟ್ಟೆಯೆಲ್ಲ ಹಾಳು.

"ನಿನ್ನ ಹೇಂಟೆ ಪಾಲಿಗೆ ಕೊಡ್ತೀಯೇನೇ?"

"ಯಾವುದು?"

"ಅದೇ ಕಣೇ."

"ಅದೇ ಅಂದ್ರೆ?"

"ಸೊಟ್ಟ ಕೊಕ್ಕಿಂದು ಮಾರಾಯ್ತಿ!" ಅವಳ ಬಾಯಿಂದ ಅದನ್ನು ಹೇಳಿಸಿದಾಗ ಆದ ಸುಖ ನನಗೆ ಚಿನ್ನ ತೊಟ್ಟಾಗಲೂ ಆಗಿರಲಿಲ್ಲ.

ಹೇಂಟೆಯನ್ನು ತಲೆ ಹೊರಗಿರುವಂತೆ ಚೀಲದಲ್ಲಿಟ್ಟು ಸೊರಬದ ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಆಧಾರ್ ಕಾರ್ಡ್ ನೋಡಿ, ಚೀಲವನ್ನೂ ನೋಡಿದರು.

"ನಿಮಗ ಫ್ರೀ ಐತ್ರೀ. ಕೋಳಿಗೆ ಅರ್ಧ ಟಿಕೆಟ್ ತಗೋಬೇಕು."

"ಗಂಡಸ್ರಿಗೂ ಕೋಳಿಗೂ ಒಂದೇ ಕಾನೂನು ಬಿಡ್ರೀ" ಎಂದು ಹಿಂದಿನ ಸೀಟಿನ ಅಜ್ಜ ಹೇಳಿದ್ದಕ್ಕೆ ಬಸ್ಸೆಲ್ಲ ನಕ್ಕಿತು. ಬೇರೆ ದಿನವಾದರೆ ನಾನು ವಾದ ಮಾಡುತ್ತಿದ್ದೆ. ಅಂದು ಖುಷಿಯಿಂದ ದುಡ್ಡು ಕೊಟ್ಟೆ. ಟಿಕೆಟನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟೆ.

ಸೊರಬದಲ್ಲಿ ಇಳಿದು, ಆಟೋ ಹಿಡಿದು ಹೊಸಬಾಳೆ ತಲುಪಿದೆ. ಅಂಗಳದಲ್ಲಿ ನಿಂತಿದ್ದ ಅಕ್ಕನ ಕೈಗೆ ಮೊದಲು ಕೊಟ್ಟದ್ದು ಟಿಕೆಟನ್ನೇ.

"ಏನೇ ಇದು?"

"ಕೋಳಿ ಟಿಕೆಟ್. ಲೆಕ್ಕಕ್ಕಿಲ್ಲ ಅಂದಿದ್ಯಲ್ಲ, ನೋಡು. ಸರ್ಕಾರನೇ ಲೆಕ್ಕ ಹಾಕೈತೆ."

"ಇನ್ನೂ ಅದ್ನೇ ಹಿಡ್ಕಂಡಿದೀಯ!" ಎಂದು ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹೇಂಟೆಯನ್ನು ಕೆಳಗೆ ಬಿಟ್ಟು, ತಂದಿದ್ದ ಪಾವನ್ನು ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅದು ಕತ್ತು ಚಾಚಿ ಮೆಟ್ಟಿಲ ಕಡೆ ನಡೆದಿತ್ತು. ಅಲ್ಲಿ ಇಟ್ಟಿಗೆಯ ಮೇಲೆ ಅಕ್ಕನ ಮನೆಯ ಪಾವು ಇತ್ತು, ಬಾಯಿಮಟ್ಟ ನೆನೆಸಿದ ನುಚ್ಚು. ಹೇಂಟೆ ಕಣ್ಣಿನವರೆಗೆ ಮುಖ ಹುದುಗಿಸಿತು. ಅಕ್ಕ ಅಂದು ನಮ್ಮ ಹಿತ್ತಲಲ್ಲಿ ಕೂತಂತೆಯೇ ಕುಕ್ಕರುಗಾಲಲ್ಲಿ ಕೂತು ನೋಡಿದಳು, ಈ ಸಲ ಬಹಳ ಹೊತ್ತು.

"ಮರಿ ಅರ್ಧ ಅರ್ಧ" ಎಂದಳು, ನಾನು ಬಾಯಿ ಬಿಡುವ ಮೊದಲೇ. "ತಾಯಿ ನಿಂದು."